ಹಳೆ ಡ್ಯಾನ್ಸ್ ಹಾಲ್‌ನ ನೆನಪಿಗೆ ಒಂದು ಸಂಜೆ: ಸ್ಟೇಜ್ ಬೇಡ, ಕುಣಿಯಲು ನೆಲ ಬೇಕು

1980ರ, 90ರ ದಶಕದಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ಹೈಸ್ಕೂಲು, ಪಿಯುಸಿ ಓದಿದ ಎಷ್ಟೋ ಮಂದಿಗೆ ಇಂಥ ಒಂದು ಹಾಲ್ ನೆನಪಿರುತ್ತದೆ. ಅಂಗಡಿ ಮೇಲಿನ ಮಹಡಿ. ಫರ್ಸಿ ನೆಲ, ಗೋಡೆಗೆ ಒಂದು ಉದ್ದ ಕನ್ನಡಿ, ಮೂಲೆಯಲ್ಲಿ ಟೇಪ್ ರೆಕಾರ್ಡರ್. ಕಾಲೇಜ್ ಗ್ಯಾದರಿಂಗ್‌ಗೆ, ಗಣಪತಿ ಪೆಂಡಾಲ್‌ನ ಸ್ಪರ್ಧೆಗೆ ಅಂತ ಅಲ್ಲಿ ಪ್ರಾಕ್ಟೀಸ್ ನಡೆಯುತ್ತಿತ್ತು. ಹೇಳಿಕೊಳ್ಳಲು ಪ್ರಾಕ್ಟೀಸ್, ಆದರೆ ಸಂಜೆಯಾದರೆ ಹದಿನಾರು-ಹದಿನೇಳು ವಯಸ್ಸಿನವರು ಸುಮ್ನೆ ಕುಣಿಯಲು ಸೇರುತ್ತಿದ್ದ ಜಾಗ ಅದು. ಕೇಶ್ವಾಪುರ, ಗದಗ ರೋಡಿನ ರೈಲ್ವೆ ಕಾಲೊನಿ ಕಡೆ ಬೆಳೆದವರಿಗೆ ಕ್ರಿಸ್‌ಮಸ್, ಹೊಸ ವರ್ಷದ ಡ್ಯಾನ್ಸ್‌ನ ನೆನಪೂ ಇರಬಹುದು. ನಿಮ್ಮ ಹಾಲ್ ಈಗ ಮೊಬೈಲ್ ಅಂಗಡಿಯೋ ಗೋಡೌನೋ ಆಗಿರಬಹುದು. ಪರವಾಗಿಲ್ಲ, ಅಲ್ಲಿ ಕುಣಿದವರು ಇದ್ದಾರಲ್ಲ.

ಅವರನ್ನೆಲ್ಲ ಮತ್ತೆ ಒಂದು ಸಂಜೆ ಕೂಡಿಸಬೇಕು ಅಂತ ಬಹಳ ಮಂದಿಗೆ ಅನಿಸುತ್ತದೆ. ಆದರೆ ಮಾಡಲು ಹೊರಟ ಕೂಡಲೇ ಅದು ನಮ್ಮೂರಿನ ಉಳಿದ ಕಾರ್ಯಕ್ರಮಗಳ ಹಾಗೇ ಆಗಿಬಿಡುತ್ತದೆ. ವೇದಿಕೆ, ಬ್ಯಾನರ್, ಮುಖ್ಯ ಅತಿಥಿ, ಶಾಲು, ಹಾರ, ಪ್ರಾಸ್ತಾವಿಕ ಮಾತು, ವಂದನಾರ್ಪಣೆ. ಅವತ್ತು ಕುಣಿದವರು ಕುರ್ಚಿಯಲ್ಲಿ ಕೂತು, ಬೇರೆಯವರ ಮಕ್ಕಳು ಸ್ಟೇಜ್ ಮೇಲೆ ಕುಣಿಯುವುದನ್ನು ನೋಡಿ, ಊಟ ಮಾಡಿ ಮನೆಗೆ ಹೋಗುತ್ತಾರೆ. ಅದು ಬೇಡ. ಆ ಸಂಜೆ ನೋಡುವವರು ಅಂತ ಯಾರೂ ಇರಬಾರದು, ಬಂದವರೆಲ್ಲ ಕುಣಿಯುವವರೇ ಆಗಬೇಕು. ಮುಂದೆ ನಾನು ಹೇಳುವ ಪ್ರತಿಯೊಂದೂ, ದಿನ ಹಿಡಿಯುವುದರಿಂದ ಮಿರ್ಚಿ ಎಲ್ಲಿ ಇಡಬೇಕು ಅನ್ನುವವರೆಗೆ, ಇದಕ್ಕಾಗಿಯೇ.

ಮೊದಲು ದಿನ. ಧನುರ್ಮಾಸ ಹಿಡಿಯಿರಿ, ಅಂದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ. ಆಗ ಮದುವೆ ಇರುವುದಿಲ್ಲ, ಕಲ್ಯಾಣ ಮಂಟಪಗಳು ಖಾಲಿ ಇರುತ್ತವೆ, ಬಾಡಿಗೆ ಮಾತಾಡಿ ಇಳಿಸಬಹುದು. ಮಳೆ ಇಲ್ಲ, ಸೆಕೆ ಇಲ್ಲ. ಕ್ರಿಸ್‌ಮಸ್ ರಜೆಗೆ ಪುಣೆ, ಮುಂಬೈ, ಬೆಂಗಳೂರಿನವರು ಊರಿಗೆ ಬಂದಿರುತ್ತಾರೆ. ಆಷಾಢದಲ್ಲೂ ಮಂಟಪ ಸಿಗುತ್ತದೆ, ಆದರೆ ಹುಬ್ಬಳ್ಳಿಯ ಆಷಾಢದ ಮಳೆಯಲ್ಲಿ ಅರವತ್ತರ ಹತ್ತಿರದವರನ್ನು ರಾತ್ರಿ ಮನೆಗೆ ಕಳಿಸುವುದು ಕಷ್ಟ. ಶನಿವಾರ ಸಂಜೆ 5ಕ್ಕೆ ಶುರು ಮಾಡಿ, 9ಕ್ಕೆ ಮುಗಿಸಿ. ಧಾರವಾಡದಿಂದ ಬರುವವರು ಚಿಗರಿ ಬಸ್ಸಿನಲ್ಲಿ ಆರಾಮಾಗಿ ವಾಪಸ್ ಹೋಗುವ ಹಾಗಿರಬೇಕು. ಹಾಗಾಗಿ ಹಾಲ್ ಕೂಡ ಚಿಗರಿ ಸ್ಟಾಪ್‌ನಿಂದ ನಡೆಯುವಷ್ಟು ದೂರದಲ್ಲಿದ್ದರೆ ಅರ್ಧ ಚಿಂತೆ ಮುಗಿಯಿತು.

ಆದರೆ ಕೆಲಸ ಶುರುವಾಗುವುದು ಡಿಸೆಂಬರ್‌ನಲ್ಲಿ ಅಲ್ಲ, ಶ್ರಾವಣದಲ್ಲಿ. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಮದುವೆಯಾಗಿ ಅಡ್ಡಹೆಸರು ಬದಲಾಗಿ, ಬೆಳಗಾವಿಗೋ ಸೊಲ್ಲಾಪುರಕ್ಕೋ ಹೋದ ಗೆಳತಿಯನ್ನು ಫೇಸ್‌ಬುಕ್‌ನಲ್ಲಿ ಹುಡುಕುವುದಕ್ಕಿಂತ, ಅವಳ ತವರುಮನೆ ಇದ್ದ ಓಣಿಗೆ ಪಂಚಮಿ ಹೊತ್ತಿಗೆ ಹೋಗಿ ಅವಳ ಅಣ್ಣನನ್ನೋ ವೈನಿಯನ್ನೋ ಕೇಳುವುದು ಬೇಗ ಆಗುತ್ತದೆ. ಉಂಡಿ ತಿಂದು, ಚಾ ಕುಡಿದು, ನಂಬರ್ ಬರೆದುಕೊಂಡು ಬನ್ನಿ. ಒಬ್ಬಳು ಸಿಕ್ಕರೆ ಅವಳ ಹತ್ತಿರ ಇನ್ನೂ ನಾಲ್ಕು ನಂಬರ್ ಇರುತ್ತವೆ.

ಗಂಡಸರನ್ನು ಹುಡುಕಲು ಬೇರೆ ದಾರಿ ಇದೆ. ಆ ಕಾಲದ ಮೈಕ್ ಸೆಟ್‌ನವರನ್ನು ಕೇಳಿ, ಯಾವ ಓಣಿಯ ಯಾವ ಹುಡುಗರು ಕುಣಿಯುತ್ತಿದ್ದರು ಅಂತ ಅವರಿಗೆ ಗೊತ್ತಿರುತ್ತದೆ. ಬೆಲ್ ಬಾಟಮ್, ಮಿಂಚಿನ ಶರ್ಟ್ ಹೊಲಿದ ಟೇಲರ್ ಮಾಮಾಗಳನ್ನು ಕೇಳಿ. ಹಳೆ ಫೋಟೊ ಸ್ಟುಡಿಯೊಗಳಿಗೆ ಹೋಗಿ. ಗ್ಯಾದರಿಂಗ್ ಫೋಟೊಗಳ ನೆಗೆಟಿವ್ ಇನ್ನೂ ಡಬ್ಬಿಯಲ್ಲಿ ಇಟ್ಟುಕೊಂಡವರು ಇದ್ದಾರು. ಮುಖ್ಯವಾಗಿ, ಹಾಲ್ ನಡೆಸುತ್ತಿದ್ದವರ ಮನೆಯವರನ್ನು ಹುಡುಕಿ. ಅವರು ತೀರಿಕೊಂಡಿದ್ದರೂ ಮಗನೋ ಸೊಸೆಯೋ ಇರುತ್ತಾರೆ. ಅವರನ್ನು ಮೊದಲೇ ಭೇಟಿಯಾಗಿ, ಒಪ್ಪಿಗೆ ಕೇಳಿ, ಅವರನ್ನೇ ಮೊದಲು ಕರೆಯಿರಿ. ಸನ್ಮಾನಕ್ಕಲ್ಲ, ಕುಣಿಯಲು.

ವಾಟ್ಸ್‌ಆ್ಯಪ್ ಗ್ರೂಪ್ ಮಾಡಿ, ಬೇಡ ಅನ್ನಲ್ಲ. ಆದರೆ ಅದರಲ್ಲಿ ಎರಡು ದಿನ ಹಳೆ ಫೋಟೊ ಬರುತ್ತವೆ, ಮೂರನೇ ದಿನದಿಂದ ಗುಡ್ ಮಾರ್ನಿಂಗ್ ಶುರುವಾಗುತ್ತದೆ. ಬರುತ್ತೀರಾ ಇಲ್ಲವಾ ಅನ್ನುವುದನ್ನು ಫೋನ್ ಮಾಡಿಯೇ ಕೇಳಿ. ಫೋನಿನಲ್ಲಿ ಇನ್ನೂ ಎರಡು ಪ್ರಶ್ನೆ ಕೇಳಿ ಬರೆದಿಡಿ: ಯಾವ ಹಾಡಿಗೆ ನೀವು ಕೂತಿರಲು ಆಗುತ್ತಿರಲಿಲ್ಲ? ಸಂಜೆ ಕೊನೆಗೆ ಯಾವ ಹಾಡು ಹಾಕುತ್ತಿದ್ದರು?

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆ ಹಾಲ್‌ಗೆ ಹೋಗಲು ಬಿಡದೇ ಇದ್ದವರನ್ನೂ ಕರೆಯಿರಿ. ಎಷ್ಟೋ ಹುಡುಗಿಯರು ಕೆಳಗೆ ಅಂಗಡಿಗೆ ಸಾಮಾನು ತರಲು ಬಂದು, ಮೇಲಿನಿಂದ ಬರುವ ಹಾಡು ಕೇಳಿ, ಒಂದು ನಿಮಿಷ ನಿಂತು ಮನೆಗೆ ಹೋದವರು. ಕೆಲವರಿಗೆ ಅಣ್ಣ ಜೊತೆಗಿದ್ದರೆ ಮಾತ್ರ ಅಪ್ಪಣೆ, ಅದೂ ಏಳು ಗಂಟೆಯೊಳಗೆ ಮನೆ ಸೇರಬೇಕು. ಹುಡುಗರಲ್ಲೂ ಇಂಥವರು ಇದ್ದರು: ಫೀಸ್ ಕೊಡಲು ಆಗದವರು, ಕೆಲಸಕ್ಕೆ ಹೋಗುತ್ತಿದ್ದವರು, ಯಾವುದೋ ಕಾರಣಕ್ಕೆ ಬಾಗಿಲಲ್ಲೇ ನಿಲ್ಲಿಸಿಕೊಂಡವರು. ಹಳೇ ಹಾಲ್‌ನ ನೆನಪು ಅಂತ ಅವತ್ತು ಒಳಗಿದ್ದ ಐವತ್ತು ಮಂದಿ ಮಾತ್ರ ಸೇರಿದರೆ ಅವತ್ತಿನ ಬಾಗಿಲನ್ನೇ ಮತ್ತೆ ಹಾಕಿದಂತೆ ಆಗುತ್ತದೆ. ಆಮಂತ್ರಣದಲ್ಲೇ ಬರೆಯಿರಿ, "ಅವತ್ತು ಬರಲು ಆಗದವರು ಈಗ ಬರ್ರಿ" ಅಂತ. ಆ ಒಂದು ಸಾಲು ಓದಿ ಎಷ್ಟು ಅಕ್ಕಾರು ಫೋನ್ ಮಾಡುತ್ತಾರೆ ನೋಡಿ.

ಹೆಣ್ಣುಮಕ್ಕಳು ಬರಬೇಕಾದರೆ ಅವರು ಹಿಂಜರಿಯುವ ಕಾರಣ ತೆಗೆಯಬೇಕು. ದೊಡ್ಡ ಕಾರಣ ಮೊಬೈಲ್. ಯಾರೋ ವಿಡಿಯೊ ಮಾಡಿ, ಅದು ಬೀಗರ ಗ್ರೂಪಿಗೆ ಹೋಗಿ, ಮರುದಿನ ಮನೆಯಲ್ಲಿ ಮಾತು ಬರುತ್ತದೆ ಅಂತ ಗೊತ್ತಿದ್ದರೆ ಯಾರು ಕುಣಿಯುತ್ತಾರೆ? ಬಾಗಿಲಲ್ಲಿ ಒಂದು ಮೇಜು ಹಾಕಿ, ಮೊಬೈಲ್‌ಗಳನ್ನು ಹೆಸರಿನ ಚೀಟಿ ಹಚ್ಚಿದ ಬಟ್ಟೆ ಚೀಲದಲ್ಲಿ ಇಡಲು ಹೇಳಿ. ಮನೆಯಲ್ಲಿ ಮುದಿ ಅವ್ವ-ಅಪ್ಪನನ್ನು ಬಿಟ್ಟು ಬಂದವರಿಗೆ ಫೋನ್ ಬೇಕಾಗುತ್ತದೆ, ಅಂಥವರ ಫೋನ್ ಮೇಜಿನಲ್ಲಿರುವವರು ನೋಡಿಕೊಳ್ಳಲಿ, ಕರೆ ಬಂದರೆ ಕರೆಯಲಿ. ಫೋಟೊಗೆ ಒಬ್ಬರೇ ಫೋಟೊಗ್ರಾಫರ್ ಇರಲಿ, ಅವರು ಕೂಡ ಕೊನೆಯ ಒಂದು ತಾಸು ಮಾತ್ರ, ಬೇಡ ಅಂದವರನ್ನು ಬಿಟ್ಟು. ಸಂಘಟಕರಲ್ಲಿ ಅರ್ಧದಷ್ಟು ಹೆಂಗಸರೇ ಇರಲಿ, ಫೋನ್ ಮಾಡುವವರೂ ಅವರೇ ಇರಲಿ. ವಾಪಸ್ ಹೋಗುವಾಗ ಯಾರ ಗಾಡಿಯಲ್ಲಿ ಯಾರು ಅಂತ ಮೊದಲೇ ಬರೆದಿಡಿ.

ಈಗ ಹಾಡು. ಗಣೇಶ ಹಬ್ಬ ಮುಗಿದ ಮೇಲೆ ದೀಪಾವಳಿವರೆಗೆ ಇದಕ್ಕೆ ಇಡಿ. ಎಲ್ಲ ಹಾಡೂ ಈಗ ಮೊಬೈಲ್‌ನಲ್ಲಿ ಸಿಗುತ್ತದಲ್ಲ, ಹಳೆ ಕ್ಯಾಸೆಟ್ ಯಾಕೆ ಅನ್ನಬಹುದು. ಸಿಗುತ್ತದೆ, ಆದರೆ ಈಗ ಸಿಗುವುದು ಎಷ್ಟೋ ಸಲ ರೀಮಿಕ್ಸ್, ಇಲ್ಲವೇ ಬೇರೆ ಉದ್ದದ್ದು. ನಿಮ್ಮ ಹಾಲ್‌ನಲ್ಲಿ ಓಡುತ್ತಿದ್ದದ್ದು ಯಾರೋ ರೆಕಾರ್ಡಿಂಗ್ ಅಂಗಡಿಯಲ್ಲಿ ಚೀಟಿ ಕೊಟ್ಟು ತುಂಬಿಸಿಕೊಂಡು ಬಂದ ಕ್ಯಾಸೆಟ್. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಶುರುವಾಗುವುದು, ನಡುವೆ ಕಟ್ ಆಗುವುದು ಎಲ್ಲ ಕಾಲುಗಳಿಗೆ ನೆನಪಿರುತ್ತದೆ. ಅಂಥ ಒಂದು ಕ್ಯಾಸೆಟ್ ಸಿಕ್ಕರೂ ಸಾಕು, ಸಂಜೆ ಬೇರೆಯೇ ಆಗುತ್ತದೆ.

ಸಿಕ್ಕ ಕ್ಯಾಸೆಟ್ಟನ್ನು ಕೂಡಲೇ ಪ್ಲೇ ಮಾಡಬೇಡಿ. ಮೂವತ್ತು ಮಳೆಗಾಲ ಕಂಡ ಟೇಪು ಒಂದಕ್ಕೊಂದು ಅಂಟಿರಬಹುದು, ಬೂಸ್ಟು ಹಿಡಿದಿರಬಹುದು. ಒಳಗೆ ಬಿಳಿ ಪುಡಿ ಕಂಡರೆ ಅದು ಬೂಸ್ಟು, ಅದನ್ನು ಒಳ್ಳೆಯ ಪ್ಲೇಯರ್‌ಗೆ ಹಾಕಬೇಡಿ, ಉಳಿದವಕ್ಕೂ ಹತ್ತುತ್ತದೆ. ಟೇಪಿನ ಹಿಂದೆ ಒಂದು ಚಿಕ್ಕ ಸ್ಪಂಜು ಇರುತ್ತದೆ, ಅದು ಉದುರಿದ್ದರೆ ದನಿ ಮಂಕಾಗುತ್ತದೆ. ಬೇಡದ ಕ್ಯಾಸೆಟ್‌ನಿಂದ ತೆಗೆದು ಹಚ್ಚಬಹುದು. ಸರಿ ಇದ್ದರೆ ಮೊದಲು ಕೈಯಿಂದ ಪೆನ್ಸಿಲ್ ಹಾಕಿ ಸ್ವಲ್ಪ ತಿರುಗಿಸಿ, ಆಮೇಲೆ ಪ್ಲೇ ಮಾಡದೆ, ಫಾಸ್ಟ್ ಫಾರ್ವರ್ಡ್‌ನಲ್ಲಿ ಈ ತುದಿಯಿಂದ ಆ ತುದಿಗೆ ಒಮ್ಮೆ ಓಡಿಸಿ, ವಾಪಸ್ ಸುತ್ತಿ. ಪ್ಲೇಯರ್‌ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ, ಒಣಗಲು ಬಿಡಿ. ಲೈನ್ ಔಟ್ ಅಥವಾ ಹೆಡ್‌ಫೋನ್ ತೂತಿನಿಂದ ವೈರ್ ಎಳೆದು ಕಂಪ್ಯೂಟರ್‌ಗೆ ಕೊಟ್ಟು, ಅಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿ. ಕ್ಯಾಸೆಟ್ ಓಡುವ ಹೊತ್ತಿನಷ್ಟೇ ಹೊತ್ತು ಹಿಡಿಯುತ್ತದೆ: ಸಿ-60 ಅಂದರೆ ಒಂದು ತಾಸು, ಸಿ-90 ಅಂದರೆ ಒಂದೂವರೆ ತಾಸು. ವೇವ್ ಫೈಲ್ ಆಗಿ ಉಳಿಸಿದರೆ ನಿಮಿಷಕ್ಕೆ ಸುಮಾರು 10 ಎಂ.ಬಿ. ಬೇಕು. ಮೊದಲ ಸಲ ಪ್ಲೇ ಮಾಡುವಾಗಲೇ ರೆಕಾರ್ಡ್ ಮಾಡಿ, ಯಾಕೆಂದರೆ ಕೆಲವು ಟೇಪು ಎರಡನೇ ಸಲ ಓಡುವುದಿಲ್ಲ.

ಹಾಡು ಆರಿಸುವಾಗ ಎಲ್ಲರಿಗೂ ಒಂದೇ ಕಾಲ ಅಂತ ತಿಳಿಯಬೇಡಿ. ರೇಡಿಯೊ ಸಿಲೋನ್‌ನಲ್ಲಿ 1952ರಿಂದ ಬರುತ್ತಿದ್ದ ಬಿನಾಕಾ ಗೀತಮಾಲಾವನ್ನು ಬುಧವಾರ ರಾತ್ರಿ ಕೇಳಿ ಬೆಳೆದವರು ಬೇರೆ, ಎಂಬತ್ತರ ಡಿಸ್ಕೋದವರು ಬೇರೆ, ತೊಂಬತ್ತರಲ್ಲಿ ನೆಲದ ಮೇಲೆ ತಿರುಗಿ ಬ್ರೇಕ್ ಡ್ಯಾನ್ಸ್ ಕಲಿತವರು ಬೇರೆ. ನಮ್ಮ ಕಡೆ ಹಿಂದಿ ಹಾಡೂ ಮರಾಠಿ ಹಾಡೂ ಕನ್ನಡದಷ್ಟೇ ಕಾಲಿಗೆ ಗೊತ್ತು, ಅದನ್ನು ಬಿಡಬೇಡಿ. ಎರಡು ಜೋರಿನ ಹಾಡಿನ ಮೇಲೆ ಒಂದು ನಿಧಾನದ್ದು ಹಾಕಿ. ಡಿಸ್ಕೋ ಹಾಡುಗಳ ತಾಳ ಹೆಚ್ಚಾಗಿ ನಿಮಿಷಕ್ಕೆ 110ರಿಂದ 130 ಏಟು. ಅಂಥ ನಾಲ್ಕು ಹಾಡು ಸತತ ಹಾಕಿದರೆ ಐವತ್ತೈದರವರು ಕುರ್ಚಿ ಹಿಡಿಯುತ್ತಾರೆ, ಆಮೇಲೆ ಏಳುವುದಿಲ್ಲ.

ಹಾಲ್ ಹುಡುಕುವಾಗ ಮೇಲೆ ನೋಡಬೇಡಿ, ಕೆಳಗೆ ನೋಡಿ. ಹುಬ್ಬಳ್ಳಿಯ ಸವಾಯಿ ಗಂಧರ್ವ ಹಾಲ್, ಧಾರವಾಡದ ಸೃಜನಾ ರಂಗಮಂದಿರ ಇಂಥವು ಕೂತು ನೋಡಲು ಕಟ್ಟಿದವು, ನಮ್ಮ ಕೆಲಸಕ್ಕೆ ಆಗುವುದಿಲ್ಲ. ಬಯಲಾದ ನೆಲ ಇರುವ ಚಿಕ್ಕ ಮಂಟಪವೋ, ಸಮುದಾಯ ಭವನವೋ ಸಾಕು. ಕುಣಿಯುವವರು ಒಬ್ಬರಿಗೆ 10-12 ಚದರ ಅಡಿ ಲೆಕ್ಕ ಹಿಡಿಯಿರಿ. 20 ಅಡಿ ಅಗಲ, 30 ಅಡಿ ಉದ್ದದ ಖಾಲಿ ಜಾಗದಲ್ಲಿ ಐವತ್ತು ಮಂದಿ ಒಮ್ಮೆಗೇ ಆರಾಮಾಗಿ ಕುಣಿಯಬಹುದು. ದೊಡ್ಡ ಹಾಲ್ ಹಿಡಿಯಬೇಡಿ! ಜಾಗ ಜಾಸ್ತಿ ಇದ್ದರೆ ಮಂದಿ ಗೋಡೆಗೆ ಅಂಟಿಕೊಳ್ಳುತ್ತಾರೆ. ಫರ್ಸಿ ನೆಲ ಸಿಕ್ಕರೆ ಬಹಳ ಒಳ್ಳೆಯದು. ಹೊಳೆಯುವ ಟೈಲ್ಸ್ ಜಾರುತ್ತದೆ, ಅದರ ಮೇಲೆ ನೀರು ಬಿದ್ದರೆ ಇನ್ನೂ ಅಪಾಯ. ಮೆಟ್ಟಿಲು ಹತ್ತುವ ಮಹಡಿ ಬೇಡ, ಎಷ್ಟೇ ಹಳೆ ಹಾಲ್‌ನ ಹಾಗೆ ಕಂಡರೂ. ಮೊದಲು ಹುಡುಗರು ತಿರುಗಲು ಸಲೀಸಾಗಲಿ ಅಂತ ಕೇರಂ ಪೌಡರ್ ಚೆಲ್ಲುತ್ತಿದ್ದರು, ಈ ವಯಸ್ಸಿನಲ್ಲಿ ಅದು ಸೊಂಟ ಮುರಿಯುವ ಕೆಲಸ. ಮಂಟಪದಲ್ಲಿ ವಧುವರರ ವೇದಿಕೆ ಇದ್ದೇ ಇರುತ್ತದೆ. ಅದರ ಮೇಲೆ ಯಾರೂ ಹತ್ತದ ಹಾಗೆ ಹಳೆ ಫೋಟೊಗಳನ್ನು ದಾರಕ್ಕೆ ಕ್ಲಿಪ್ ಹಾಕಿ ಅಲ್ಲಿ ಕಟ್ಟಿ. ತೀರಿಕೊಂಡ ಗೆಳೆಯ-ಗೆಳತಿಯರ ಫೋಟೊಗಳೂ ಅದರಲ್ಲೇ ಇರಲಿ, ಬೇರೆ ಮಾಡಿ ಹಾರ ಹಾಕಬೇಡಿ. ಅವರು ಕುಣಿಯುತ್ತಿದ್ದ ಫೋಟೊ ಇದ್ದರೆ ಅದನ್ನೇ ಹಾಕಿ.

ಪರವಾನಗಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಬಿಡಬೇಡಿ. ಧ್ವನಿವರ್ಧಕ ಹಚ್ಚಲು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಬರವಣಿಗೆಯಲ್ಲಿ ಅನುಮತಿ ಬೇಕು. ನಿಮ್ಮ ಹಾಲ್ ಯಾವ ಪೊಲೀಸ್ ಠಾಣೆಗೆ ಬರುತ್ತದೋ ಅಲ್ಲಿಂದ ವಿಚಾರಣೆ ಶುರು ಮಾಡಿ. ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿ 10ರ ಮೇಲೆ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಒಳಗೆ ಇನ್ನೂ ಬಿಗಿ, ಅಂಥ ಜಾಗದ ಹಾಲ್ ಬೇಡವೇ ಬೇಡ. ಇನ್ನೊಂದು, ಹಾಡಿನ ಹಕ್ಕು. ಟಿಕೆಟ್ ಇಟ್ಟು ಹೊರಗಿನವರನ್ನು ಕರೆದು ರೆಕಾರ್ಡ್ ಹಾಡು ಹಾಕಿದರೆ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕಾಗುತ್ತದೆ. ಧ್ವನಿಮುದ್ರಣದ ಹಕ್ಕು ಬೇರೆ, ಸಾಹಿತ್ಯ-ಸಂಗೀತದ ಹಕ್ಕು ಬೇರೆ. ಲೈಸೆನ್ಸ್ ಕೊಡುವ ಪಿಪಿಎಲ್, ಐಪಿಆರ್‌ಎಸ್, ನೋವೆಕ್ಸ್ ಅನ್ನುವ ಸಂಸ್ಥೆಗಳ ಹೆಸರು ಕೇಳಿಬರುತ್ತವೆ. ನಿಮ್ಮ ಹಾಡಿನ ಪಟ್ಟಿಗೆ ಯಾರದ್ದು ಬೇಕು ಅಂತ ಹಾಲ್ ಬುಕ್ ಮಾಡುವ ಮೊದಲೇ ವಿಚಾರಿಸಿ. ಟಿಕೆಟ್ ಇಡದೆ ಎಲ್ಲರೂ ವಂತಿಗೆ ಹಾಕಿ ಮಾಡುವುದೇ ನನಗೆ ಸರಿ ಅನಿಸುತ್ತದೆ, ಆದರೂ ವಿಚಾರಿಸುವುದು ತಪ್ಪುವುದಿಲ್ಲ. ಆಗದವರು ಕೊಡದಿದ್ದರೂ ನಡೆಯಲಿ, ಅದು ಯಾರಿಗೂ ಗೊತ್ತಾಗದ ಹಾಗೆ ಒಬ್ಬರೇ ಲೆಕ್ಕ ಇಡಲಿ.

ಡಿಜೆ ಬೇಡ. ಎದೆ ನಡುಗಿಸುವ ಬೇಸ್ ಇದ್ದರೆ ಪಕ್ಕದವರ ಜೊತೆ ಮಾತು ಸಾಧ್ಯವಿಲ್ಲ, ಈ ಸಂಜೆಗೆ ಮಾತು ಕೂಡ ಬೇಕು. ಎರಡು ಸ್ಪೀಕರ್ ಸಾಕು, ತಲೆ ಮಟ್ಟಕ್ಕಿಂತ ಸ್ವಲ್ಪ ಮೇಲೆ ಇಡಿ. ಬಣ್ಣಕ್ಕೆ ಸೀರಿಯಲ್ ಸೆಟ್ಟು, ಒಂದು ಕನ್ನಡಿ ಚೆಂಡು. ಮೊದಲು ಬಲ್ಬಿಗೆ ಬಣ್ಣದ ಜಿಲೇಟಿನ್ ಪೇಪರ್ ಸುತ್ತುತ್ತಿದ್ದರು. ಈಗ ಎಲ್ಇಡಿ ಬಲ್ಬಿಗೆ ಸುತ್ತಿ, ಹಳೆ ಬಲ್ಬಿನ ಕಾವಿಗೆ ಪೇಪರ್ ಹೊತ್ತಿಕೊಳ್ಳಬಹುದು. ಬೆಳಕು ಪೂರ್ತಿ ಕಡಿಮೆ ಮಾಡಬೇಡಿ, ಕಾಲ ಕೆಳಗಿನ ನೆಲ ಕಾಣಬೇಕು.

ಎಲ್ಲಕ್ಕಿಂತ ಕಷ್ಟದ್ದು ಮೊದಲ ಅರ್ಧ ತಾಸು. ಎಲ್ಲರೂ ಬಂದಿರುತ್ತಾರೆ, ಹಾಡು ಶುರುವಾಗಿರುತ್ತದೆ, ನಡುವಿನ ನೆಲ ಖಾಲಿ. "ನೀವು ಹೋಗ್ರಿ", "ಏ, ನೀ ಮೊದಲು ನಡಿ" ಅಂತ ಒಬ್ಬರನ್ನೊಬ್ಬರು ದೂಡುತ್ತಾರೆ. ಇದಕ್ಕೆ ನಾಚಿಕೆ ಒಂದೇ ಕಾರಣ ಅಲ್ಲ, ಕುರ್ಚಿಗಳೂ ಕಾರಣ. ಸಾಲಾಗಿ ಕುರ್ಚಿ ಹಾಕಿದರೆ ಮಂದಿ ನೋಡಲು ಕೂರುತ್ತಾರೆ. ಬಂದವರಲ್ಲಿ ಮೂರರಲ್ಲಿ ಒಬ್ಬರಿಗೆ ಮಾತ್ರ ಸಾಕಾಗುವಷ್ಟು ಕುರ್ಚಿ ಗೋಡೆ ಬದಿಗೆ ಅಲ್ಲಲ್ಲಿ ಇಡಿ. ಮೈಕ್ ಹಿಡಿದು "ಬನ್ನಿ, ಕುಣಿಯಿರಿ" ಅಂತ ಕರೆಯಬೇಡಿ, ಅದರಿಂದ ಇನ್ನೂ ಹಿಂದೆ ಸರಿಯುತ್ತಾರೆ. ಬದಲಿಗೆ, ಎಲ್ಲರಿಗೂ ಗೊತ್ತಿರುವ ಒಂದು ಹಳೆ ಗ್ಯಾದರಿಂಗ್ ಸ್ಟೆಪ್ಪನ್ನು ಎಂಟು-ಹತ್ತು ಮಂದಿಗೆ ಮೊದಲೇ ಹೇಳಿಡಿ. ಅವರು ಹಾಲ್‌ನ ನಾಲ್ಕೂ ಕಡೆ ಬೇರೆ ಬೇರೆ ಗುಂಪಿನ ಒಳಗೆ ನಿಂತಿರಲಿ. ಹಾಡು ಬಂದಾಗ ನಿಂತಲ್ಲೇ ಶುರು ಮಾಡಲಿ, ಪಕ್ಕದವರ ಕೈ ಹಿಡಿಯಲಿ, ಆಮೇಲೆ ದೊಡ್ಡ ಸುತ್ತು ಆಗಲಿ. ಸುತ್ತಿನಲ್ಲಿ ಮುಂದೆ ಹಿಂದೆ ಅಂತ ಇಲ್ಲ, ಹಾಗಾಗಿ ಯಾರಿಗೂ ತಮ್ಮನ್ನೇ ನೋಡುತ್ತಿದ್ದಾರೆ ಅನಿಸುವುದಿಲ್ಲ. ಇದು ಕೋಲಾಟ ಬಲ್ಲ ನಮ್ಮ ಮಂದಿಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ.

ಮೊಣಕಾಲು ನೋವಿನವರು ಇರುತ್ತಾರೆ. ಕೂತಲ್ಲೇ ಕೈ, ಭುಜ, ತಲೆ ಆಡಿಸಿ ಕುಣಿಯಬಹುದು. ಅವರ ಕುರ್ಚಿಯನ್ನು ಮೂಲೆಗೆ ಅಲ್ಲ, ಸುತ್ತಿನ ಒಳಗೆ ತಂದು ಇಡಿ. ಶುರುವಿಗೆ ಹತ್ತು ನಿಮಿಷ ನಿಧಾನದ ಹಾಡಿಗೆ ಸುಮ್ನೆ ನಡೆಯಿರಿ, ಹಿಮ್ಮಡಿ ತಿರುಗಿಸಿ, ತೋಳು ಬಿಡಿ. ಬಿಪಿ, ಶುಗರ್ ಮಾತ್ರೆ ತಗೊಂಡೇ ಬರಲು ಫೋನಿನಲ್ಲಿ ಹೇಳಿ. ಎದೆ ಒತ್ತುವುದು ಕಲಿತ ಇಬ್ಬರು ಹಾಲ್‌ನಲ್ಲಿ ಇರಲೇಬೇಕು. ಯಾರಾದರೂ ಕುಸಿದು ಬಿದ್ದು, ಎಚ್ಚರ ಇಲ್ಲದೆ, ಉಸಿರಾಟ ಸರಿ ಇಲ್ಲ ಅಂದರೆ ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎದೆ ನಡುವೆ 5-6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಲಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಅದು ಒಳಗೆ ಬರಲು ದಾರಿ ಇರಲಿ ಅಂತ, ಗೇಟಿನ ಮುಂದೆ ಯಾರ ಗಾಡಿಯನ್ನೂ ನಿಲ್ಲಿಸಲು ಬಿಡಬೇಡಿ.

ತಿನ್ನಲು ಗಿರಮಿಟ್, ಮಿರ್ಚಿ, ಚಾ. ಬೇರೆ ಏನೂ ಯೋಚನೆ ಮಾಡಬೇಡಿ, ಅವತ್ತು ಪ್ರಾಕ್ಟೀಸ್ ಮುಗಿಸಿ ತಿಂದದ್ದೂ ಅದೇ ಅಲ್ವಾ? ಆದರೆ ಮಿರ್ಚಿ ಕರಿಯುವ ಒಲೆಯೂ ತಟ್ಟೆಗಳೂ ಹೊರಗೆ ಅಂಗಳದಲ್ಲೇ ಇರಲಿ. ಒಂದು ಹನಿ ಎಣ್ಣೆ ನೆಲಕ್ಕೆ ಬಿದ್ದರೂ ಯಾರಾದರೂ ಜಾರುತ್ತಾರೆ. ಒಳಗೆ ಲಿಂಬು ಶರಬತ್ತು, ನೀರು, ಅದೂ ಮುಚ್ಚಳ ಇರುವ ಬಾಟಲಿಯಲ್ಲಿ. ದೊಡ್ಡ ಊಟ ಇಟ್ಟರೆ 7 ಗಂಟೆಗೇ ಸಾಲು ನಿಂತು ಕುಣಿತ ಮುಗಿಯುತ್ತದೆ. ಹೋಗುವಾಗ ಕೈಗೆ ಪೇಡೆ ಕೊಡಿ, ಸಾಕು.

ಕೊನೆಯ ಹಾಡುಗಳ ಬಗ್ಗೆ ಇಂಗ್ಲೆಂಡಿನ ವಿಗನ್ ಊರಿನವರಿಂದ ಒಂದು ವಿಷಯ ಕಲಿಯಬಹುದು. ಅಲ್ಲಿ ವಿಗನ್ ಕ್ಯಾಸಿನೊ ಅನ್ನುವ ಡ್ಯಾನ್ಸ್ ಹಾಲ್‌ನಲ್ಲಿ 1973ರಿಂದ 1981ರವರೆಗೆ ಹುಡುಗ ಹುಡುಗಿಯರು ರಾತ್ರಿಯಿಡೀ ಅಮೆರಿಕದ ಸೋಲ್ ಅನ್ನುವ ಬಗೆಯ ಹಾಡುಗಳಿಗೆ ಕುಣಿಯುತ್ತಿದ್ದರು. ಬೆಳಗ್ಗೆ 8ಕ್ಕೆ ಮುಗಿಯುವ ಮೊದಲು ಯಾವಾಗಲೂ ಅದೇ ಮೂರು ಹಾಡು ಹಾಕುತ್ತಿದ್ದರು. ಹಾಲ್ ಮುಚ್ಚಿ, ಆಮೇಲೆ ಕಟ್ಟಡ ಸುಟ್ಟುಹೋಗಿ ಎಷ್ಟೋ ವರ್ಷವಾದರೂ ಅಂಥ ನೆನಪಿನ ಕೂಟಗಳಲ್ಲಿ ಆ ಮೂರು ಹಾಡು ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ. ನೀವು ಫೋನಿನಲ್ಲಿ ಕೇಳಿ ಬರೆದಿಟ್ಟ ಎರಡನೇ ಪ್ರಶ್ನೆಯ ಉತ್ತರ ಈಗ ತೆಗೆಯಿರಿ. ಜಾಸ್ತಿ ಮಂದಿ ಹೇಳಿದ ಮೂರು ಹಾಡನ್ನು 8:45ಕ್ಕೆ ಶುರು ಮಾಡಿ, ಅದರ ಮೇಲೆ ಇನ್ನೊಂದು ಹಾಕಬೇಡಿ, ಎಷ್ಟೇ ಕೂಗಿದರೂ. ಅವತ್ತು ಬರಲು ಆಗದಿದ್ದವರಿಗೂ ಈ ಮೂರು ಹಾಡಿನ ಹೆಸರು ಮೊದಲೇ ತಿಳಿಸಿರಿ, ಅವರೂ ಎಲ್ಲರ ಜೊತೆಗೇ ನಡುವಿಗೆ ಬರುವ ಹಾಗೆ.

ಮರುದಿನ ಹಾಲ್‌ನ ಡಿಪಾಸಿಟ್ ವಾಪಸ್ ತಗೊಳ್ಳಿ, ಲೆಕ್ಕವನ್ನು ವಾರದೊಳಗೆ ಗ್ರೂಪಿಗೆ ಹಾಕಿ. ಕ್ಯಾಸೆಟ್, ಫೋಟೊ, ನೆಗೆಟಿವ್ ಯಾರ ಮನೆಯಿಂದ ತಂದಿರೋ ಅವರ ಕೈಗೇ ಮುಟ್ಟಿಸಿ, ಸ್ಕ್ಯಾನ್ ಮಾಡಿದ ಫೋಟೊಗಳ ಜೊತೆಗೆ. ಎಲ್ಲ ಫೈಲುಗಳ ಒಂದು ಪ್ರತಿಯನ್ನು ಹಾಲ್ ನಡೆಸುತ್ತಿದ್ದವರ ಮನೆಗೆ ಪೆನ್ ಡ್ರೈವ್‌ನಲ್ಲಿ ಕೊಡಿ. ಉಳಿದ ಹಣ ಇದ್ದರೆ ಮುಂದಿನ ಧನುರ್ಮಾಸದ ಬಾಡಿಗೆಗೆ ಅಂತ ತೆಗೆದಿಡಿ.